ಚೆಲ್ಲಾಪಿಲ್ಲಿ ಬೇರೆ, ಕಲಸುಮೇಲೋಗರ ಬೇರೆ: ಜಪಾನಿ ಪದಗಳನ್ನು ಕನ್ನಡದಲ್ಲೇ ಹೇಳಿಕೊಡಿ

ಸಂಪಾದಕರಿಗೆ ನಮಸ್ಕಾರ.

ಜಪಾನಿಗೆ ವೃದ್ಧರ ಆರೈಕೆ ಕೆಲಸಕ್ಕೆ ಹೋಗಲು ಭಾಷೆ ಕಲಿಯುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ನನ್ನ ತಂಗಿ ಫೋಟೊ ತೆಗೆದು ಕಳಿಸಿದ್ದಳು. ರಾತ್ರಿ ಪಾಳಿ ಮುಗಿಸಿ ಹೊರಟವಳು ಬಸ್ ಸ್ಟಾಪಿನಲ್ಲೇ ನಿಂತು ಓದಿದೆ. ಕಾಂಜಿ, ಅಂದರೆ ಒಂದೊಂದು ಅಕ್ಷರಕ್ಕೂ ಒಂದು ಅರ್ಥ ಇರುವ ಜಪಾನಿನ ಲಿಪಿ, ಬಹಳ ಕಷ್ಟ ಅಂತ ಅದರಲ್ಲಿ ಬರೆದಿದ್ದೀರಿ. ನಿಜ. ಆದರೆ ಕಾಂಜಿಗೆ ಪುಸ್ತಕ ಇದೆ, ಆ್ಯಪ್ ಇದೆ. ದಿನಕ್ಕೆ ಐದೈದು ಬರೆಯುತ್ತಾ ಹೋದರೆ ಕೈಗೆ ಹತ್ತುತ್ತದೆ. ಇಲ್ಲಿಗೆ ಬಂದ ಮೇಲೆ ನನಗೆ ನಿಜವಾಗಿ ತೊಡಕಾದದ್ದು ಬೇರೆ ಪದಗಳು. ಅವುಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಈ ಪತ್ರ.

ನಾನು ಸಾಗರ ತಾಲ್ಲೂಕಿನವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಜಪಾನಿ ಕಲಿತು, 2022ರಲ್ಲಿ ಇಲ್ಲಿಗೆ ಬಂದೆ. ಈಗ ಕನಜಾವದಲ್ಲಿ, ಹಿರಿಯರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ. ಕನಜಾವ ಅಂದರೆ ಜಪಾನ್ ಸಮುದ್ರದ ಕಡೆಯ ಊರು, ಇಶಿಕಾವ ಪ್ರಾಂತ್ಯದ ರಾಜಧಾನಿ. ಮಳೆ ಜಾಸ್ತಿ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಅಂತ ಇಲ್ಲಿ ಒಂದು ಮಾತೇ ಇದೆ. ಮಲೆನಾಡಿನವಳಿಗೆ ಅದೊಂದು ಸಮಾಧಾನ.

ಬೆಂಗಳೂರಿನ ತರಗತಿಯಲ್ಲಿ ನಮಗೆ ಪಾಠವೆಲ್ಲಾ ಇಂಗ್ಲಿಷಿನಲ್ಲೇ. ಒಂದು ದಿನ ಪದಗಳ ಪಟ್ಟಿ ಕೊಟ್ಟರು. ಬರಬರ, ಗೊಚಗೊಚ, ಗುಚಗುಚ, ಕುಶಕುಶ, ಮೆಚಕುಚ. ಐದರ ಎದುರೂ ಒಂದೇ ಇಂಗ್ಲಿಷ್ ಅರ್ಥ: ‘ಮೆಸ್ಸಿ’, ಅಂದರೆ ಅಸ್ತವ್ಯಸ್ತ. ನಾವೂ ಹಾಗೇ ಬಾಯಿಪಾಠ ಮಾಡಿದೆವು. ಪರೀಕ್ಷೆಯಲ್ಲಿ ಅವು ಬರಲಿಲ್ಲ, ಮರೆತೂ ಬಿಟ್ಟೆವು.

ಇಲ್ಲಿ ಕೆಲಸಕ್ಕೆ ಸೇರಿ ನಾಲ್ಕನೇ ತಿಂಗಳು. ಸಂಜೆ ಊಟದ ಹೊತ್ತು. ಇಲ್ಲಿ ಒಬ್ಬೊಬ್ಬ ಹಿರಿಯರ ಮಾತ್ರೆಯನ್ನೂ ಒಂದೊಂದು ಹೊತ್ತಿಗೆ ಒಂದೊಂದು ಪುಟ್ಟ ಪೊಟ್ಟಣದಲ್ಲಿ ಹಾಕಿ, ಮೇಲೆ ಹೆಸರು, ತಾರೀಖು, ಬೆಳಿಗ್ಗೆಯೋ ರಾತ್ರಿಯೋ ಅಂತ ಮುದ್ರಿಸಿ ಕೊಟ್ಟಿರುತ್ತಾರೆ. ಒಬ್ಬ ಅಜ್ಜನ ಪೊಟ್ಟಣಗಳ ಡಬ್ಬಿ ನನ್ನ ಮೊಣಕೈ ತಾಗಿ ಕೆಳಗೆ ಬಿತ್ತು. ಪೊಟ್ಟಣಗಳು ನೆಲದ ತುಂಬಾ ಹರಡಿದವು. ಒಂದೂ ಹರಿದಿರಲಿಲ್ಲ, ಬೇರೆ ಯಾರ ಮಾತ್ರೆಯೂ ಹತ್ತಿರ ಇರಲಿಲ್ಲ. ಬಿದ್ದದ್ದನ್ನು ಹೇಳಲೇಬೇಕು ಅಂತ ನಿಯಮ. ನರ್ಸ್‌ಗೆ ಫೋನ್ ಮಾಡಿ ‘ಕುಸುರಿ ಗ ಗೊಚಗೊಚ ನಿ ನರಿಮಶಿತ’ ಎಂದೆ. ಔಷಧಿ ‘ಮೆಸ್ಸಿ’ ಆಯಿತು ಅಂತ ನನ್ನ ಲೆಕ್ಕ.

ಆಕೆ ಮೂರನೇ ಮಹಡಿಯಿಂದ ಮೆಟ್ಟಿಲಿಳಿದು ಓಡಿ ಬಂದರು. ಜೊತೆಗೆ ಇನ್ನೊಬ್ಬರು. ಯಾರಿಗೂ ಮಾತ್ರೆ ಕೊಡಬೇಡಿ, ಎಲ್ಲಾ ನಿಲ್ಲಿಸಿ ಎಂದರು. ಅಲ್ಲಿಯವರೆಗೆ ಕೊಟ್ಟವರ ಹೆಸರೆಲ್ಲಾ ಕೇಳಿದರು. ನನಗೆ ಕೈಕಾಲು ತಣ್ಣಗಾಯಿತು. ಯಾಕೆಂದರೆ ಗೊಚಗೊಚ ಅಂದರೆ ಒಬ್ಬರ ಮಾತ್ರೆ ಇನ್ನೊಬ್ಬರದರ ಜೊತೆ ಬೆರೆತು ಹೋಗಿದೆ, ಯಾವುದು ಯಾರದು ಅಂತ ಗೊತ್ತಾಗುತ್ತಿಲ್ಲ ಎಂದು. ನಾನು ಹೇಳಬೇಕಾಗಿದ್ದದ್ದು ಬರಬರ. ಇದ್ದ ಜಾಗ ಬಿಟ್ಟು ಬಿಡಿಬಿಡಿಯಾಗಿ ಚೆದುರಿದೆ ಎಂದು. ಚೆಲ್ಲಾಪಿಲ್ಲಿಯಾಯಿತು ಅನ್ನುವ ಬದಲು ಕಲಸುಮೇಲೋಗರ ಆಯಿತು ಅಂದಿದ್ದೆ. ಆಸ್ಪತ್ರೆ, ಆರೈಕೆ ಮನೆಯಲ್ಲಿ ಇವೆರಡರ ನಡುವೆ ಎಷ್ಟು ದೂರ ಇದೆ ಅಂತ ಔಷಧಿ ಕೊಟ್ಟು ಗೊತ್ತಿರುವ ಯಾರಿಗಾದರೂ ಅರ್ಥವಾಗುತ್ತದೆ.

ಆ ನರ್ಸ್ ನನ್ನನ್ನು ಬೈಯಲಿಲ್ಲ. ಹಿರಿಯರೆಲ್ಲಾ ಮಲಗಿದ ಮೇಲೆ ಕರೆದು ಕೂರಿಸಿದರು. ಮೇಜಿನ ಮೇಲೆ ಒರಿಗಾಮಿ ಕಾಗದ ಇತ್ತು, ಹಿರಿಯರು ಹಗಲು ಹೊತ್ತು ಕೊಕ್ಕರೆ ಮಡಿಸುವ ಬಣ್ಣದ ಕಾಗದ. ಕಟ್ಟು ಬಿಚ್ಚಿ ಹಾಳೆಗಳನ್ನು ಮೇಜಿನ ಮೇಲೆ ಎಸೆದರು. ಅಲ್ಲೊಂದು ಇಲ್ಲೊಂದು ಬಿದ್ದವು. ಬರಬರ. ಅದೇ ಹಾಳೆಗಳನ್ನು ಒಟ್ಟು ಮಾಡಿ, ಅದಕ್ಕೆ ಕತ್ತರಿ, ಪೆನ್ನು, ದಾರ, ಗುಂಡಿ ಎಲ್ಲಾ ಸುರಿದು ಕೈಯಾಡಿಸಿದರು. ಗೊಚಗೊಚ. ಒಂದು ಕೆಂಪು ಹಾಳೆ ತೆಗೆದು ಮುಷ್ಟಿಯಲ್ಲಿ ಮುದುರಿ ಬಿಡಿಸಿದರು. ಸುಕ್ಕುಸುಕ್ಕಾಗಿತ್ತು. ಕುಶಕುಶ. ಆಮೇಲೆ ಆ ಹಾಳೆಯನ್ನು ಉಳಿದ ಚಹಾದಲ್ಲಿ ಅದ್ದಿ ಹಿಚುಕಿದರು. ಬೆರಳ ಸಂದಿಯಿಂದ ಕೆಂಪು ನೀರು ಇಳಿಯಿತು, ಕಾಗದ ಪಿಚಿಪಿಚಿ ಮುದ್ದೆಯಾಯಿತು. ಗುಚಗುಚ.

ಅವರು ಒಂದೊಂದು ಮಾಡಿ ತೋರಿಸುವಾಗಲೂ ನನ್ನ ತಲೆಯಲ್ಲಿ ಕನ್ನಡ ತಾನಾಗಿ ಬರುತ್ತಿತ್ತು. ಚೆಲ್ಲಾಪಿಲ್ಲಿ. ಕಲಸುಮೇಲೋಗರ. ಸುಕ್ಕುಸುಕ್ಕು. ಪಿಚಿಪಿಚಿ. ಎಲ್ಲದಕ್ಕೂ ಒಂದು ಪದ ಅಮ್ಮನ ಬಾಯಲ್ಲಿ, ಅಜ್ಜಿಯ ಬಾಯಲ್ಲಿ ಇತ್ತು. ಅಷ್ಟು ದಿನ ನಾನು ಅವನ್ನು ಪಕ್ಕಕ್ಕಿಟ್ಟು, ನನಗೆ ಅರ್ಧವೇ ಬರುವ ಇಂಗ್ಲಿಷಿನ ಮೂಲಕ ಜಪಾನಿಯನ್ನು ನೋಡುತ್ತಿದ್ದೆ. ಅವತ್ತು ರಾತ್ರಿ ರೂಮಿಗೆ ಹೋಗಿ ಹೊಸ ನೋಟ್‌ಬುಕ್ ತೆಗೆದು ನಡುವೆ ಗೆರೆ ಎಳೆದೆ. ಎಡಗಡೆ ಜಪಾನಿ, ಬಲಗಡೆ ಕನ್ನಡ. ಈಗ ಅದರಲ್ಲಿ 140 ಪದಗಳಿವೆ.

ನಮ್ಮ ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದ್ದು ನೆನಪಿದೆಯಲ್ಲಾ? ದಬದಬ, ಪಟಪಟ, ಚಟಚಟ. ಎರಡು ಅಂಕದ ಪ್ರಶ್ನೆ, ಅಷ್ಟೇ. ಜಪಾನಿಯಲ್ಲಿ ಇದು ದೊಡ್ಡ ಸಂಪತ್ತು. ಸದ್ದನ್ನು ಹೇಳುವ ಪದಗಳಿಗೆ ಗಿಒಂಗೊ ಅನ್ನುತ್ತಾರೆ. ಸದ್ದಿಲ್ಲದ ಸ್ಥಿತಿಯನ್ನು, ಮನಸ್ಸಿನ ಪಾಡನ್ನು ಹೇಳುವ ಪದಗಳಿಗೆ ಗಿತಾಯ್‌ಗೊ. ಇಂಥವಕ್ಕೇ ಅಂತ 2007ರಲ್ಲಿ ಬಂದ ಒಂದು ನಿಘಂಟಿನಲ್ಲಿ 4,500 ಪದಗಳಿವೆ. ಇವು ಮಕ್ಕಳ ಮಾತು ಅಂತ ತಿಳಿಯಬೇಡಿ. ನೋವು ಹೇಗಿದೆ ಅಂತ ಡಾಕ್ಟರ್ ಕೇಳುವುದೂ ಇದೇ ಪದಗಳಲ್ಲಿ. ಜುಕಿಜುಕಿ ಅಂದರೆ ಮಿಡಿದು ಮಿಡಿದು ಬರುವ ನೋವು, ಚಿಕುಚಿಕು ಅಂದರೆ ಸೂಜಿ ಚುಚ್ಚಿದ ಹಾಗೆ. ನಮ್ಮಲ್ಲೂ ತಲೆ ಧಿಮ್ ಅನ್ನುತ್ತೆ, ಕಾಲು ಜುಮ್ ಅನ್ನುತ್ತೆ, ಎದೆ ಡವಡವ ಅನ್ನುತ್ತೆ ಅಂತಲೇ ಅಲ್ವಾ ಡಾಕ್ಟರಿಗೆ ಹೇಳುವುದು?

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಪದಗಳಷ್ಟೇ ಆಗಿದ್ದರೆ ಪಟ್ಟಿ ಮಾಡಿ ಕಲಿಯಬಹುದಿತ್ತು. ಆ ಪದಗಳನ್ನು ವಾಕ್ಯದಲ್ಲಿ ಕೂರಿಸುವ ರೀತಿಯೂ ನಮ್ಮದೇ.

ಜಪಾನಿಯಲ್ಲಿ ‘ತೊ’ ಅಂತ ಒಂದು ಪುಟ್ಟ ಪ್ರತ್ಯಯ ಇದೆ. ‘ಕುರು ತೊ ಇತ್ತ’ ಅಂದರೆ ಬರ್ತೀನಿ ಅಂತ ಹೇಳಿದ. ಅದೇ ‘ತೊ’ ಸದ್ದಿನ ಪದದ ಜೊತೆಯೂ ಬರುತ್ತದೆ. ‘ದೊಆ ಗ ಬತನ್ ತೊ ಶಿಮತ್ತ’, ಬಾಗಿಲು ದಡ್ ಅಂತ ಮುಚ್ಚಿತು. ಎರಡು ಕಡೆಯೂ ನಮ್ಮ ‘ಅಂತ’ ಹೇಗೆ ಕೂತಿದೆ ನೋಡಿ. ಮನುಷ್ಯ ಆಡಿದ ಮಾತಿಗೂ ಅಂತ, ಬಾಗಿಲು ಮಾಡಿದ ಸದ್ದಿಗೂ ಅಂತ. ಇಂಗ್ಲಿಷಿನಲ್ಲಿ ಕಲಿಸುವವರು ಇದನ್ನು ಎರಡು ಬೇರೆ ಬೇರೆ ನಿಯಮ ಮಾಡಿ, ಎರಡು ಪಾಠದಲ್ಲಿ, ಎರಡು ತಿಂಗಳ ಅಂತರದಲ್ಲಿ ನಮಗೆ ಹೇಳಿದರು. ಕನ್ನಡದಲ್ಲಿ ಹೇಳಿದ್ದರೆ ಒಂದು ನಿಮಿಷದ ಕೆಲಸ.

ಇನ್ನೊಂದು ಪ್ರತ್ಯಯ ‘ನಿ’. ‘ಬರಬರ ನಿ ನತ್ತ’ ಅಂದರೆ ಚೆಲ್ಲಾಪಿಲ್ಲಿಯಾಯಿತು, ಬಿಡಿಬಿಡಿಯಾಯಿತು. ಇಲ್ಲಿ ನಮ್ಮ ‘ಆಗಿ’ ಕೂರುತ್ತದೆ. ಗಾಜು ಚೂರುಚೂರಾಗಿ ಬಿತ್ತು ಅನ್ನುತ್ತೇವೆ, ಚೂರುಚೂರು ಅಂತ ಬಿತ್ತು ಅನ್ನುವುದಿಲ್ಲ. ನಡೆಯುವಾಗ ಹೇಗೆ ನಡೆಯಿತು ಅನ್ನುವುದಕ್ಕೆ ಅಂತ, ನಡೆದ ಮೇಲೆ ಏನಾಗಿ ಉಳಿಯಿತು ಅನ್ನುವುದಕ್ಕೆ ಆಗಿ. ಜಪಾನಿಯವರೂ ಹಾಗೇ. ‘ಬರಬರ ತೊ’ ಅಂದರೆ ಮಳೆಯ ದಪ್ಪ ಹನಿ ಪಟಪಟ ಅಂತ ಉದುರುತ್ತಿದೆ. ‘ಬರಬರ ನಿ’ ಅಂದರೆ ಕೂಡಿದ್ದದ್ದು ಚೆದುರಿ ಹೋಗಿದೆ. ದನಿಯೂ ಬದಲಾಗುತ್ತದೆ. ‘ತೊ’ ಬಂದಾಗ ಮೊದಲ ‘ಬ’ ಎತ್ತರದಲ್ಲಿ ಹೇಳಬೇಕು, ‘ನಿ’ ಬಂದಾಗ ಆ ಏರಿಳಿತ ಇಲ್ಲದೆ ಸಪಾಟಾಗಿ ಹೇಳಬೇಕು. ಈ ಅಂತ ಮತ್ತು ಆಗಿ ಸಿಕ್ಕ ದಿನ ನನಗೆ ಕತ್ತಲೆ ಕೋಣೆಯಲ್ಲಿ ಸ್ವಿಚ್ ಕೈಗೆ ಸಿಕ್ಕ ಹಾಗಾಯಿತು.

ಅಕ್ಷರದ ತೂಕವೂ ನಮಗೆ ಕಿವಿಯಲ್ಲೇ ಇದೆ. ಕ, ಚ, ತ, ಪ ಇದ್ದರೆ ಹಗುರ, ಚಿಕ್ಕದು, ಚೊಕ್ಕ. ಗ, ಜ, ದ, ಬ ಬಂದರೆ ಭಾರ, ದೊಡ್ಡದು, ಕೊಳಕು. ಕೊರೊಕೊರೊ ಅಂತ ಉರುಳುವುದು ಗೋಲಿ, ಗೊರೊಗೊರೊ ಅಂತ ಉರುಳುವುದು ಬಂಡೆ. ನಾವೂ ಬಳೆ ಕಿಣಿಕಿಣಿ ಅನ್ನುತ್ತೇವೆ, ದೇವಸ್ಥಾನದ ಗಂಟೆ ಗಣಗಣ ಅನ್ನುತ್ತೇವೆ. ಹನಿ ಟಪಟಪ, ಹೊಡೆತ ದಬದಬ. ಇದನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ, ನೆನಪು ಮಾಡಿಕೊಟ್ಟರೆ ಸಾಕು.

ಮೆಚಕುಚ ಅನ್ನುವ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವ ಹದ್ದೂ ಇಲ್ಲದಂತೆ ಕೆಟ್ಟಿದೆ, ಪೂರ್ತಿ ಅಧ್ವಾನವಾಗಿದೆ ಅಂತ ಅದರ ಅರ್ಥ. ಕಾಂಜಿಯಲ್ಲಿ ಬರೆದರೆ ಅದರೊಳಗೆ ಎರಡು ಸಲ ಚಹಾ ಎಂಬ ಅಕ್ಷರ ಬರುತ್ತದೆ. ಚಹಾಕ್ಕೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಉಚ್ಚಾರಕ್ಕೆ ಹೊಂದಿಸಿದ ಅಕ್ಷರ. ಈ ಪದವನ್ನೇ ಹುಡುಗರು ತುಂಡು ಮಾಡಿ ‘ಮೆಚ್ಚ’ ಅನ್ನುತ್ತಾರೆ. ‘ಮೆಚ್ಚ ಒಯ್‌ಶಿ’ ಅಂದರೆ ತುಂಬಾ ರುಚಿ. ಅಧ್ವಾನ ಅನ್ನುವ ಪದಕ್ಕೂ ರುಚಿಗೂ ಏನು ನಂಟು ಅಂತ ಬೇರೆ ದೇಶದಿಂದ ಬಂದ ನನ್ನ ಜೊತೆಯವರೆಲ್ಲಾ ತಲೆ ಕೆಡಿಸಿಕೊಂಡರು. ನನಗೆ ಒಂದು ಗಳಿಗೆಯೂ ಕಷ್ಟವಾಗಲಿಲ್ಲ. ನಮ್ಮ ‘ಸಿಕ್ಕಾಪಟ್ಟೆ’ ಇಲ್ವಾ? ಸಿಕ್ಕಾಪಟ್ಟೆ ಬಿಸಾಡಿದ್ದಾನೆ ಅಂದರೆ ಅಡ್ಡಾದಿಡ್ಡಿ. ಸಿಕ್ಕಾಪಟ್ಟೆ ಚೆನ್ನಾಗಿದೆ ಅಂದರೆ ತುಂಬಾ ಚೆನ್ನಾಗಿದೆ. ಅದೇ ದಾರಿಯಲ್ಲಿ ಎರಡು ಭಾಷೆಯೂ ನಡೆದಿವೆ.

ಮೋಸ ಮಾಡುವ ಪದಗಳೂ ಇವೆ, ಅದನ್ನೂ ಹೇಳಬೇಕು. ಬರಬರ ಅಂತ ಮೊದಲು ಕೇಳಿದಾಗ ಯಾರೋ ಬರಬರನೆ ನಡೆದು ಬಂದರು ಅಂದುಕೊಂಡಿದ್ದೆ. ಹಾಗಾಗಿ ಎಲ್ಲವನ್ನೂ ಕಣ್ಣು ಮುಚ್ಚಿ ಹೋಲಿಸಲು ಆಗುವುದಿಲ್ಲ. ಎರಡೂ ಒಂದೇ ತಾಯಿಯ ಭಾಷೆ ಅಂತಲೂ ನಾನು ಹೇಳುತ್ತಿಲ್ಲ. ಜಪಾನಿಗೂ ತಮಿಳಿಗೂ ನಂಟಿದೆ ಅಂತ ಓನೊ ಸುಸುಮು ಎಂಬ ಜಪಾನಿ ವಿದ್ವಾಂಸರು ವಾದ ಮಾಡಿದ್ದರು, ಹೆಚ್ಚಿನ ಭಾಷಾ ತಜ್ಞರು ಅದನ್ನು ಒಪ್ಪಲಿಲ್ಲ. ನನಗೆ ಆ ಜಗಳ ಬೇಡ. ಕಲಿಯುವವರಿಗೆ ಹತ್ತಿರದ ದಾರಿ ಇದೆ, ಆ ದಾರಿ ತೋರಿಸಿ ಅನ್ನುವುದಷ್ಟೇ ನನ್ನ ಕೋರಿಕೆ.

2024ರ ಜನವರಿ 1. ಜಪಾನಿನಲ್ಲಿ ಹೊಸ ವರ್ಷ ಅಂದರೆ ನಮ್ಮ ದೊಡ್ಡ ಹಬ್ಬದ ಹಾಗೆ, ಮಕ್ಕಳೆಲ್ಲಾ ಊರಿಗೆ ಬಂದಿರುತ್ತಾರೆ. ಸಂಜೆ 4 ಗಂಟೆ 10 ನಿಮಿಷಕ್ಕೆ ನೋಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ನೋಟೊ ನಮ್ಮ ಪ್ರಾಂತ್ಯದ ಉತ್ತರದ ಭಾಗ. ಕನಜಾವದಲ್ಲೂ ಜೋರಾಗಿ ನಡುಗಿತು. ಕಿಟಕಿಗಳು ಗತಗತ ಅಂದವು, ಕಟ್ಟಡ ಗುರಗುರ ತೂಗಿತು. ಟಿ.ವಿ.ಯಲ್ಲಿ ಸುನಾಮಿ ಬರುತ್ತದೆ, ಓಡಿ ಅಂತ ಕೂಗಿ ಹೇಳುತ್ತಿದ್ದರು. ನಾನು ಒಬ್ಬ ಅಜ್ಜಿಯ ಗಾಲಿಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಊರಲ್ಲಿ ಆಗ ಮಧ್ಯಾಹ್ನ 12.40. ಅಮ್ಮ ಅನ್ನಕ್ಕೆ ಇಟ್ಟಿದ್ದಳಂತೆ.

ಆಮೇಲಿನ ವಾರಗಳಲ್ಲಿ ನೋಟೊದಿಂದ ಹಿರಿಯರನ್ನು ಕನಜಾವಕ್ಕೆ ಮತ್ತು ಇನ್ನೂ ದೂರದ ಊರುಗಳಿಗೆ ಕರೆತಂದರು. ನಮ್ಮಲ್ಲಿಗೂ ಬಂದರು. ಅವರಲ್ಲಿ ಒಬ್ಬರು, 88 ವರ್ಷದ ಅಜ್ಜಿ, ವಾಜಿಮ ಕಡೆಯವರು. ನೋಟೊದ ಮನೆಗಳಿಗೆ ಮಿರಿಮಿರಿ ಹೊಳೆಯುವ ಕಪ್ಪು ಹೆಂಚು ಇರುತ್ತದೆ. ಅವರ ಮನೆಯ ಮಾಡು ಆ ಹೆಂಚಿನ ಸಮೇತ ನೆಲಕ್ಕೆ ಕೂತಿತ್ತಂತೆ. ಮೊದಲ ದಿನ ‘ಉಚಿ ವ ಮೆಚಕುಚ’ ಅಂದರು. ನಮ್ಮ ಮನೆ ಪೂರ್ತಿ ಹೋಯಿತು ಅಂತ. ಅಷ್ಟು ಹೇಳಿ ಸುಮ್ಮನಾದರು. ಕಣ್ಣಲ್ಲಿ ನೀರು ಇರಲಿಲ್ಲ.

ಫೆಬ್ರವರಿಯಲ್ಲಿ ಒಂದು ರಾತ್ರಿ ನಿದ್ದೆ ಬರದೆ ಕೂತಿದ್ದರು. ನಾನು ಬಿಸಿ ಚಹಾ ತಂದುಕೊಟ್ಟೆ. ಮಗ ನನಾವ್‌ನಲ್ಲಿ, ಮಗಳು ನಾಗೋಯದಲ್ಲಿ, ಅರವತ್ತು ವರ್ಷ ಪಕ್ಕದ ಮನೆಯಲ್ಲಿದ್ದ ಗೆಳತಿ ಕಾಗಾ ಎಂಬ ಊರಿನ ಬಿಸಿನೀರಿನ ಬುಗ್ಗೆಯ ಹೋಟೆಲಿನಲ್ಲಿ, ಸರ್ಕಾರ ಕೊಟ್ಟ ಕೋಣೆಯಲ್ಲಿ. ಬೆರಳು ಮಡಚಿ ಎಣಿಸಿ ಹೇಳಿದರು. ಕೊನೆಗೆ ‘ಮಿನ್ನ ಬರಬರ ನಿ ನತ್ತ’ ಎಂದರು. ಎಲ್ಲರೂ ಬರಬರ ಆದರು.

ಮಾತ್ರೆಯ ಪೊಟ್ಟಣದ ಪದ. ಆದರೆ ಅದರ ಕನ್ನಡ ಅವತ್ತು ಚೆಲ್ಲಾಪಿಲ್ಲಿ ಅಂತ ಬರಲಿಲ್ಲ. ದಿಕ್ಕಾಪಾಲು ಅಂತ ಬಂತು. ಅದು ನಮ್ಮ ಅಜ್ಜಿಯ ಪದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಅಜ್ಜಿಯ ತವರುಮನೆ ಮುಳುಗಿತು. ಒಂದೇ ಕೇರಿಯವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಬೇರೆ ಕಷ್ಟವನ್ನೆಲ್ಲಾ ಅಜ್ಜಿ ಬೇಕಾದಷ್ಟು ವಿವರವಾಗಿ ಹೇಳುತ್ತಿದ್ದಳು. ತವರಿನ ಮಾತು ಬಂದರೆ ಮಾತ್ರ ‘ಎಲ್ಲಾ ದಿಕ್ಕಾಪಾಲಾದ್ವು ಮಗಾ’ ಅಂತ ಒಂದೇ ಮಾತು ಹೇಳಿ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಪದ ನನ್ನೊಳಗೆ ಇದ್ದುದರಿಂದ ಈ ಅಜ್ಜಿಗೆ ಏನಾಗಿದೆ ಅಂತ ನನಗೆ ಅವತ್ತು ತಿಳಿಯಿತು. ಪಾಳಿಯ ಪುಸ್ತಕದಲ್ಲಿ ‘ನಿದ್ದೆ ಇಲ್ಲ’ ಅಂತಷ್ಟೇ ಬರೆಯದೆ, ಅವರು ಆಡಿದ ಮಾತನ್ನು ಹಾಗೇ ಬರೆದೆ. ಗೆಳತಿಗೆ ಫೋನ್ ಮಾಡಿಸಬೇಕು ಅಂತಲೂ ಬರೆದೆ. ಮಾರನೇ ದಿನ ಮಾಡಿಸಿದರು. ಮುಕ್ಕಾಲು ಗಂಟೆ ಮಾತಾಡಿದರು.

ಅದಕ್ಕೇ ಕೇಳಿಕೊಳ್ಳುತ್ತೇನೆ. ವಿಶೇಷ ಕೌಶಲದ ಕೆಲಸಗಾರರನ್ನು ಕಳಿಸುವುದಕ್ಕೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿವೆ. ಆರೈಕೆ ಕೆಲಸವೂ ಅದರಲ್ಲಿದೆ. ನನ್ನ ಜೊತೆ ಕಲಿತವರಲ್ಲಿ ಹೆಚ್ಚಿನವರು ನನ್ನ ಹಾಗೇ ಕನ್ನಡ ಶಾಲೆಯವರು, ಕಲಬುರಗಿ, ಹಾವೇರಿ, ಚಾಮರಾಜನಗರದವರು. ಜಪಾನಿ ಕಲಿಸುವ ಗುರುಗಳೇ, ದಯವಿಟ್ಟು ಈ ಒಂದು ಪಾಠವನ್ನಾದರೂ ಕನ್ನಡದಲ್ಲಿ ಮಾಡಿ. ಒಂದು ಕಾಗದ ತನ್ನಿ, ಮುದುರಿ, ನೆನೆಸಿ, ಎಸೆಯಿರಿ. ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ ಅಂತ ಮಕ್ಕಳನ್ನೇ ಕೇಳಿ. ಹಾವೇರಿಯ ಹುಡುಗಿ ಒಂದು ಪದ ಹೇಳುತ್ತಾಳೆ, ಚಾಮರಾಜನಗರದ ಹುಡುಗ ಇನ್ನೊಂದು ಹೇಳುತ್ತಾನೆ. ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ, ಪಕ್ಕದಲ್ಲಿ ಜಪಾನಿ ಬರೆಯಿರಿ.

ಸಂಪಾದಕರೇ, ನಿಮ್ಮಲ್ಲಿ ವಾರಕ್ಕೊಮ್ಮೆ ನಾಲ್ಕು ಬೆರಳಿನಷ್ಟು ಜಾಗ ಕೊಟ್ಟರೂ ಸಾಕು. ನನ್ನ ನೋಟ್‌ಬುಕ್ಕಿನ 140 ಪದಗಳನ್ನು ಶುದ್ಧವಾಗಿ ಬರೆದು ಕಳಿಸುತ್ತೇನೆ. ದುಡ್ಡು ಬೇಡ. ತಪ್ಪಿದ್ದರೆ ಬಲ್ಲವರು ತಿದ್ದಲಿ.

ಒಂದು ಪದದ ಎದುರು ಮಾತ್ರ ಬಲಗಡೆ ಇನ್ನೂ ಖಾಲಿ ಇದೆ. ಚಿಗುಹಗು. ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ನೀಲಿ ಹಾಕಿಕೊಂಡು ಬರುತ್ತಾರಲ್ಲ, ಜೋಡಿಯಾಗಿರಬೇಕಾದ ಎರಡು ಒಂದಕ್ಕೊಂದು ಹೊಂದದೆ ಇರುವುದು, ಅದು. ನಮ್ಮಲ್ಲಿ ಒಬ್ಬ ಅಜ್ಜ ದಿನಾ ಬೆಳಿಗ್ಗೆ ಹಾಗೇ ಬರುತ್ತಾರೆ. ನಾನು ಅವರ ಕಾಲ ಬಳಿ ಕೂತು ಬದಲಿಸುವಾಗಲೆಲ್ಲಾ ಕನ್ನಡದ ಪದ ಹುಡುಕುತ್ತೇನೆ. ಅಮ್ಮನನ್ನು ಕೇಳಿದೆ, ಅವಳಿಗೂ ಹೊಳೆಯಲಿಲ್ಲ. ನಿಮ್ಮ ಓದುಗರ ಊರಿನಲ್ಲಿ ಇದಕ್ಕೆ ಏನಂತಾರೆ? ಒಂದು ಸಾಲು ಬರೆದು ತಿಳಿಸಿ.

ನಿಮ್ಮ ಪತ್ರಿಕೆಯ ಓದುಗಿ,
ಸಾಗರ ತಾಲ್ಲೂಕಿನವಳು, ಈಗ ಕನಜಾವ, ಜಪಾನ್